ಭಾವಚಿತ್ರ ತಿದ್ದಿದಾಗ ಚರ್ಮ ಕೃತಕವಾಗಿ ಕಾಣುವುದೇಕೆ?

ಪ್ರಶ್ನೆ: ಭಾವಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದುವುದನ್ನು ಈಚೆಗೆ ಕಲಿಯುತ್ತಿದ್ದೇನೆ. ಮೊಡವೆ, ಕಲೆಗಳನ್ನು ತೆಗೆದು ಬ್ಲರ್ ಬಳಸಿ ನಯಗೊಳಿಸಿದರೆ ಮುಖ ಮೇಣದ ಗೊಂಬೆಯಂತಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ? ಫೋಟೋಶಾಪ್ ಇಲ್ಲದೆ ಈ ಕೆಲಸ ಸಾಧ್ಯವಿಲ್ಲವೇ?

ಉತ್ತರ: ಖಂಡಿತ ಸಾಧ್ಯ. ಉಚಿತವಾಗಿ ದೊರೆಯುವ ಗಿಂಪ್ ಎಂಬ ತಂತ್ರಾಂಶದಲ್ಲಿಯೂ ಲೇಯರ್ (ಚಿತ್ರದ ಮೇಲೆ ಹಾಳೆಯಂತೆ ಇರಿಸುವ ಪದರ), ಮಾಸ್ಕ್ (ಪದರದ ಬೇಡದ ಭಾಗವನ್ನು ಮರೆಮಾಡುವ ಸೌಲಭ್ಯ), ಹೀಲಿಂಗ್, ಕ್ಲೋನ್ ಎಲ್ಲವೂ ಇವೆ. ಕಲಿಯುವವರಿಗೆ ಅಷ್ಟು ಸಾಕು.

ನಿಮ್ಮ ತೊಂದರೆಯ ಮೂಲ ಬ್ಲರ್. ರೋಮರಂಧ್ರಗಳು, ನವಿರಾದ ಗೆರೆಗಳು ಇರುವುದರಿಂದಲೇ ಚರ್ಮ ಚರ್ಮವಾಗಿ ಕಾಣುತ್ತದೆ. ಬ್ಲರ್ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಸರಾಸರಿಗೆ ಇಳಿಸುವುದರಿಂದ ಮೊದಲು ಅಳಿದುಹೋಗುವುದು ಅವೇ. ಮುಖ ಒರಟಾಗಿ ಕಾಣಲು ಬಹಳಷ್ಟು ಸಲ ಕಾರಣ ಈ ರಂಧ್ರಗಳಲ್ಲ, ಅಲ್ಲಲ್ಲಿ ಬಿದ್ದಿರುವ ಬೆಳಕು ನೆರಳಿನ ಸಣ್ಣ ತೇಪೆಗಳು. ಆದ್ದರಿಂದ ತಿದ್ದಬೇಕಾದುದು ಬೆಳಕನ್ನು. ಹಿಂದೆ ಡಾರ್ಕ್‌ರೂಮಿನಲ್ಲಿ ಮುದ್ರಣ ಕಾಗದದ ಮೇಲೆ ಬೀಳುವ ಬೆಳಕನ್ನು ಬೇಕಾದೆಡೆ ತಡೆದು ಅಥವಾ ಹೆಚ್ಚಿಸಿ ಮಾಡುತ್ತಿದ್ದ ‘ಡಾಡ್ಜ್ ಅಂಡ್ ಬರ್ನ್’ ಕ್ರಮ ಇಲ್ಲಿಯೂ ಇದೆ. ಚಿತ್ರದ ಮೇಲೆ 50% ಬೂದುಬಣ್ಣ ತುಂಬಿದ ಹೊಸ ಲೇಯರ್ ಇರಿಸಿ, ಅದರ ಮೋಡ್ (ಕೆಳಗಿನ ಚಿತ್ರದೊಡನೆ ಬೆರೆಯುವ ಬಗೆ) ಅನ್ನು ‘ಸಾಫ್ಟ್ ಲೈಟ್’ಗೆ ಬದಲಿಸಿ, ಮೃದು ಅಂಚಿನ ಬ್ರಷ್‌ನ ಓಪಾಸಿಟಿಯನ್ನು (ಬಣ್ಣದ ದಟ್ಟತೆಯನ್ನು) ತೀರಾ ಕಡಿಮೆ ಇಟ್ಟುಕೊಂಡು, ಕಪ್ಪಾದ ತೇಪೆಗಳ ಮೇಲೆ ಬಿಳಿಯನ್ನೂ ಹೆಚ್ಚು ಹೊಳೆಯುವೆಡೆ ಕಪ್ಪನ್ನೂ ಹಗುರವಾಗಿ ಹಚ್ಚುತ್ತಾ ಹೋಗಿ. ಇದು ನಿಧಾನದ ಕೆಲಸ; ಆದರೆ ಒಂದು ರಂಧ್ರವೂ ಅಳಿಯುವುದಿಲ್ಲ.

ಮೊಡವೆಗಳಿಗೆ ಹೀಲಿಂಗ್ ಉಪಕರಣವೇ ಸರಿ. ಅದು ಮಾದರಿಯಾಗಿ ಆರಿಸಿದ ಜಾಗದ ಮೇಲ್ಮೈಯನ್ನು ತಂದು, ತಿದ್ದುವ ಜಾಗದ ಬಣ್ಣ ಮತ್ತು ಬೆಳಕಿಗೆ ಹೊಂದಿಸುತ್ತದೆ. ಇದೇ ಕಾರಣಕ್ಕೆ ಹಣೆಯ ಮೇಲಿನ ಕೂದಲಂಚಿನಲ್ಲಿ ಅಥವಾ ದವಡೆಯ ಗೆರೆಯ ಬಳಿ ಅದು ಕಪ್ಪನ್ನು ಎಳೆದುಕೊಂಡು ಮಸುಕು ಮಾಡುತ್ತದೆ. ಅಲ್ಲಿ ಇದ್ದುದನ್ನು ಇದ್ದಂತೆ ನಕಲಿಸುವ ಕ್ಲೋನ್ ಬಳಸಿ. ಮಾದರಿಯನ್ನು ಆದಷ್ಟು ಪಕ್ಕದಿಂದಲೇ ಆರಿಸಿ, ಏಕೆಂದರೆ ಮೂಗಿನ ಚರ್ಮ ಕೆನ್ನೆಗೆ ಹೊಂದುವುದಿಲ್ಲ. ತಿದ್ದುಪಡಿಗಳೆಲ್ಲ ಪ್ರತ್ಯೇಕ ಲೇಯರ್‌ನಲ್ಲಿರಲಿ. ಆಗ ಅತಿಯಾಯಿತೆನಿಸಿದರೆ ಆ ಲೇಯರ್‌ನ ಓಪಾಸಿಟಿಯನ್ನು ತಗ್ಗಿಸಿದರೆ ಸಾಕು.

ಯಾವುದನ್ನು ತೆಗೆಯಬೇಕು ಎಂಬ ಪ್ರಶ್ನೆಯನ್ನು ನಾನು ತಂತ್ರಕ್ಕಿಂತ ದೊಡ್ಡದೆಂದು ಭಾವಿಸುತ್ತೇನೆ. ಕೆಲವು ದಿನಗಳಲ್ಲಿ ತಾನಾಗಿಯೇ ಮಾಯುವ ಮೊಡವೆಯನ್ನು ಅಳಿಸಬಹುದು. ಮಚ್ಚೆ, ಹಳೆಯ ಗಾಯದ ಗುರುತು ಆ ವ್ಯಕ್ತಿಯವು, ಅವರು ಕೇಳದೆ ಮುಟ್ಟಬಾರದು. ಕಣ್ಣಿನ ಕೆಳಗಿನ ನೆರಳನ್ನೂ ತಗ್ಗಿಸಿ, ಪೂರ್ತಿ ತೆಗೆಯಬೇಡಿ. ಕಣ್ಣಿನ ಗುಳಿಯ ಆಕಾರವನ್ನು ತೋರಿಸುವುದು ಅದೇ ನೆರಳು.

ಪ್ರಶ್ನೆ: ಜೆಪೆಗ್ ಕಡತವನ್ನೇ ತಿದ್ದಿದರೆ ಸಾಲದೇ?

ಉತ್ತರ: ಸಣ್ಣ ತಿದ್ದುಪಡಿಗೆ ಸಾಕು. ಆದರೆ ಸಾಮಾನ್ಯ ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಷ್ಟೇ ಇದ್ದರೆ, 14 ಬಿಟ್‌ನ ರಾ ಕಡತದಲ್ಲಿ (ಕ್ಯಾಮೆರಾ ಸೆರೆಹಿಡಿದ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ ಕಡತ) 16,384 ಇರುತ್ತವೆ. ಬೆಳಕನ್ನು ಹೆಚ್ಚು ಬದಲಿಸಿದಾಗ ಕೆನ್ನೆಯ ಮೇಲೆ ಪಟ್ಟೆಗಳು ಮೂಡುವುದು ಈ ಕೊರತೆಯಿಂದ. ಜೊತೆಗೆ ಜೆಪೆಗ್ ಅನ್ನು ತಿದ್ದಿ ಉಳಿಸಿದಾಗಲೆಲ್ಲ ಮತ್ತೆ ಸಂಕುಚನಗೊಂಡು ಗುಣಮಟ್ಟ ಕುಂದುತ್ತದೆ. ಮೂಲ ಕಡತವನ್ನು ಹಾಗೆಯೇ ಇಟ್ಟು, ಕೆಲಸದ ಪ್ರತಿಯನ್ನು ಲೇಯರ್‌ಗಳ ಸಮೇತ ಪಿಎಸ್‌ಡಿ (ಫೋಟೋಶಾಪ್‌ನದು) ಅಥವಾ ಎಕ್ಸ್‌ಸಿಎಫ್ (ಗಿಂಪ್‌ನದು) ರೂಪದಲ್ಲಿ ಉಳಿಸಿಕೊಳ್ಳಿ.