ಮದರ್‌ಬೋರ್ಡ್ ಬದಲಿಸಿದರೆ ವಿಂಡೋಸ್ ಮತ್ತೆ ಹಾಕಲೇಬೇಕೆ?

ಪ್ರಶ್ನೆ: ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಡಿಟಿಪಿ ಸೆಂಟರ್ ಇಟ್ಟುಕೊಂಡಿದ್ದೇನೆ. ನಾಲ್ಕನೇ ಜನರೇಷನ್ ಐ5, ಎಚ್81 ಬೋರ್ಡ್, 240 ಜಿಬಿ ಎಸ್‌ಎಸ್‌ಡಿಯಲ್ಲಿ ವಿಂಡೋಸ್ 10. ಪಕ್ಕದಲ್ಲಿ 1 ಟಿಬಿ ಹಾರ್ಡ್‌ಡಿಸ್ಕ್, ಅದರ ತುಂಬ ಗಿರಾಕಿಗಳ ಲಗ್ನಪತ್ರಿಕೆ ಫೈಲುಗಳು. ಈಗ ಐ3-12100, ಎಚ್610 ಬೋರ್ಡ್, 16 ಜಿಬಿ ಡಿಡಿಆರ್4 ತಗೊಳ್ಳಬೇಕೆಂದಿದ್ದೇನೆ. ಅಂಗಡಿಯವರು ಫಾರ್ಮ್ಯಾಟ್ ಮಾಡಲೇಬೇಕು ಅನ್ನುತ್ತಾರೆ. ನುಡಿ, ಪೇಜ್‌ಮೇಕರ್, ಟ್ಯಾಲಿ ಎಲ್ಲ ಮತ್ತೆ ಹಾಕುವಷ್ಟು ಪುರುಸೊತ್ತು ಇಲ್ಲ. ಹಳೇ ಎಸ್‌ಎಸ್‌ಡಿ ಹಾಗೇ ಹಾಕಿದರೆ ನಡೆಯುವುದಿಲ್ಲವೆ?

ಉತ್ತರ: ನಡೆಯುತ್ತದೆ. ಬೋರ್ಡ್ ಬದಲಾದರೆ ಫಾರ್ಮ್ಯಾಟ್ ಕಡ್ಡಾಯ ಎನ್ನುವುದು ವಿಂಡೋಸ್ ಎಕ್ಸ್‌ಪಿ ಕಾಲದ ಮಾತು. ವಿಂಡೋಸ್ 10 ಹೊಸ ಬೋರ್ಡನ್ನು ಕಂಡ ಕೂಡಲೇ ಬೇಕಾದ ಡ್ರೈವರ್‌ಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ನಿಮ್ಮ ಸಾಫ್ಟ್‌ವೇರ್, ಫಾಂಟ್, ಸೆಟ್ಟಿಂಗ್ ಯಾವುದೂ ಹೋಗುವುದಿಲ್ಲ. ಆದರೆ ಮುಖ್ಯವಾದ ಕೆಲಸವೆಲ್ಲ ಹಳೇ ಬೋರ್ಡ್ ಬಿಚ್ಚುವ ಮೊದಲೇ ಆಗಬೇಕು. ಬಿಚ್ಚಿದ ಮೇಲೆ ನೆನಪಾದರೆ ಮತ್ತೆ ಹಳೆಯದನ್ನು ಜೋಡಿಸಿ ಕೂರಬೇಕಾಗುತ್ತದೆ.

ನಿಮ್ಮ ವಿಷಯದಲ್ಲಿ ದೊಡ್ಡ ತೊಡಕು ಬೂಟ್ ಆಗುವ ರೀತಿಯದು. ರನ್ ಬಾಕ್ಸಿನಲ್ಲಿ ಎಂಎಸ್‌ಇನ್ಫೊ32 ಎಂದು ಟೈಪ್ ಮಾಡಿ, ‘ಬಯೋಸ್ ಮೋಡ್’ ಎಂಬ ಸಾಲು ನೋಡಿ (ಬಯೋಸ್ ಎಂದರೆ ಮಷೀನ್ ಆನ್ ಆದ ಕೂಡಲೇ ಬೋರ್ಡಿನಲ್ಲಿ ಓಡುವ ಪುಟ್ಟ ಪ್ರೋಗ್ರಾಂ). ಯುಇಎಫ್‌ಐ, ಅಂದರೆ ಬೂಟ್ ಆಗುವ ಹೊಸ ರೀತಿ, ಎಂದಿದ್ದರೆ ನಿಶ್ಚಿಂತೆ. ಎಚ್81 ಕಾಲದ ಬಹಳಷ್ಟು ಮಷೀನುಗಳಲ್ಲಿ ‘ಲೆಗಸಿ’ ಎಂದೇ ಇರುತ್ತದೆ, ಅಂದರೆ ಬೂಟ್ ಆಗುವುದು ಹಳೇ ರೀತಿಯಲ್ಲಿ, ಡಿಸ್ಕಿನ ಪಾರ್ಟಿಷನ್ ಪಟ್ಟಿ ಎಂಬಿಆರ್ ಎಂಬ ಹಳೇ ಮಾದರಿಯದು. ಇಂಟೆಲ್‌ನ 500 ಸರಣಿಯಿಂದೀಚೆಗಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಬಳಸುವಾಗ ಲೆಗಸಿ ಬೂಟ್ ಸಿಗುವುದೇ ಇಲ್ಲ. ಹಾಗೇ ಜೋಡಿಸಿದರೆ ‘ಬೂಟ್ ಡಿವೈಸ್ ಇಲ್ಲ’ ಎಂದು ತೋರಿಸಿ ನಿಲ್ಲುತ್ತದೆ. ಎಸ್‌ಎಸ್‌ಡಿ ಹಾಳಾಗಿದೆ, ಫಾರ್ಮ್ಯಾಟೇ ಗತಿ ಎಂಬ ತಪ್ಪು ತೀರ್ಮಾನಕ್ಕೆ ಬರುವುದು ಇಲ್ಲಿಯೇ.

ಇದಕ್ಕೆ ವಿಂಡೋಸ್‌ನಲ್ಲೇ ಎಂಬಿಆರ್2ಜಿಪಿಟಿ ಎಂಬ ಟೂಲ್ ಇದೆ. ಫೈಲುಗಳನ್ನು ಅಳಿಸದೆ ಡಿಸ್ಕನ್ನು ಎಂಬಿಆರ್‌ನಿಂದ ಯುಇಎಫ್‌ಐಗೆ ಬೇಕಾದ ಜಿಪಿಟಿ ಮಾದರಿಗೆ ಬದಲಿಸುತ್ತದೆ. ಮೊದಲು ಪೂರ್ತಿ ಎಸ್‌ಎಸ್‌ಡಿಯ ಇಮೇಜ್ ಬ್ಯಾಕಪ್ ಅನ್ನು ಹೊರಗಿನ ಡಿಸ್ಕಿಗೆ ತೆಗೆದಿಡಿ. ಆಮೇಲೆ ಅಡ್ಮಿನ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಟೂಲಿನ ಹೆಸರಿನ ಮುಂದೆ ವ್ಯಾಲಿಡೇಟ್, ಅಲೋಫುಲ್‌ಓಎಸ್ ಎಂಬ ಎರಡು ಸ್ವಿಚ್ ಕೊಟ್ಟು ಪರೀಕ್ಷೆ ಮಾಡಿ. ಪಾಸಾದರೆ ವ್ಯಾಲಿಡೇಟ್ ಜಾಗದಲ್ಲಿ ಕನ್ವರ್ಟ್ ಹಾಕಿ. ಆ ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪಾರ್ಟಿಷನ್ ಇದ್ದರೆ, ಅಥವಾ ಲಾಜಿಕಲ್ ಪಾರ್ಟಿಷನ್ ಇದ್ದರೆ ಪರೀಕ್ಷೆ ಫೇಲ್ ಆಗುತ್ತದೆ. ಕನ್ವರ್ಟ್ ಆದಮೇಲೆ ಹಳೇ ಬೋರ್ಡಿನ ಬಯೋಸ್‌ನಲ್ಲೂ ಯುಇಎಫ್‌ಐಗೆ ಬದಲಿಸಿ ಒಮ್ಮೆ ಬೂಟ್ ಮಾಡಿ ನೋಡಿ. ಅಲ್ಲಿ ಎದ್ದರೆ ಹೊಸದರಲ್ಲೂ ಏಳುವ ಭರವಸೆ ಇಟ್ಟುಕೊಳ್ಳಬಹುದು.

ಇದಕ್ಕೂ ಮುಂಚೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ‘ಸಿಸ್ಟಮ್’ ಎಂಬ ಗುರುತು ಯಾವ ಡಿಸ್ಕಿನ ಮೇಲಿದೆ ನೋಡಿ. 1 ಟಿಬಿ ಡಿಸ್ಕ್ ಮೊದಲಿಂದ ಇದ್ದು, ಎಸ್‌ಎಸ್‌ಡಿ ಆಮೇಲೆ ಹಾಕಿಸಿದ್ದರೆ, ವಿಂಡೋಸ್ ಎಸ್‌ಎಸ್‌ಡಿಯಲ್ಲಿ ಕೂತಿದ್ದರೂ ಬೂಟ್ ಫೈಲುಗಳು ಹಾರ್ಡ್‌ಡಿಸ್ಕಿನಲ್ಲೇ ಉಳಿದಿರುವುದು ಸಾಮಾನ್ಯ. ಹಾಗಿದ್ದರೆ ಬೂಟ್ ಫೈಲುಗಳನ್ನು ಎಸ್‌ಎಸ್‌ಡಿಗೆ ತಂದ ಮೇಲೆಯೇ ಮುಂದಿನ ಕೆಲಸ.

ಇನ್ನೊಂದು, ಸಾಟಾ ಮೋಡ್, ಅಂದರೆ ಬೋರ್ಡ್ ಡಿಸ್ಕಿನ ಜೊತೆ ಮಾತಾಡುವ ರೀತಿ. ಐಡಿಇ ಹಳೆಯದು, ಎಎಚ್‌ಸಿಐ ಹೊಸದು. ಹಳೇ ಬಯೋಸ್‌ನಲ್ಲಿ ಅದು ಐಡಿಇ ಎಂದಿದ್ದರೆ ಹೊಸ ಬೋರ್ಡಿನ ಎಎಚ್‌ಸಿಐ ಕಂಟ್ರೋಲರಿಗೆ ಬೇಕಾದ ಡ್ರೈವರ್ ಬೂಟ್ ಹೊತ್ತಿಗೆ ಸಿದ್ಧವಿರುವುದಿಲ್ಲ. ನೀಲಿ ಪರದೆಯಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಬರುವುದು ಇದೇ ಕಾರಣಕ್ಕೆ. ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ ರೀಸ್ಟಾರ್ಟ್ ಕೊಡಿ, ಬಯೋಸಿಗೆ ಹೋಗಿ ಎಎಚ್‌ಸಿಐಗೆ ಬದಲಿಸಿ. ಸೇಫ್ ಮೋಡಿನಲ್ಲಿ ಒಮ್ಮೆ ಎದ್ದ ಮೇಲೆ ಟಿಕ್ ತೆಗೆಯಿರಿ. ಅಷ್ಟೇ.

ಲೈಸೆನ್ಸ್ ಬಗ್ಗೆ ಸ್ಪಷ್ಟವಾಗಿರಿ. ಕಮಾಂಡ್ ಪ್ರಾಂಪ್ಟಿನಲ್ಲಿ ಎಸ್‌ಎಲ್‌ಎಂಜಿಆರ್ ಎಂದು ಬರೆದು ಮುಂದೆ ಸ್ಲ್ಯಾಷ್ ಡಿಎಲ್‌ಐ ಕೊಟ್ಟರೆ ಅದು ಯಾವ ಬಗೆಯದೆಂದು ಗೊತ್ತಾಗುತ್ತದೆ. ‘ರಿಟೇಲ್’ (ಬಿಡಿಯಾಗಿ ಕೊಂಡದ್ದು) ಆಗಿದ್ದರೆ ಹೊಸ ಬೋರ್ಡಿಗೆ ಒಯ್ಯಬಹುದು. ಈಗಲೇ ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಿಡಿ. ಬದಲಿಸಿದ ಮೇಲೆ ಆಕ್ಟಿವೇಷನ್ ಟ್ರಬಲ್‌ಶೂಟರ್‌ನಲ್ಲಿ ‘ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ’ ಎಂಬ ಆಯ್ಕೆ ಒತ್ತಿ. ‘ಓಇಎಂ’ (ಮಷೀನಿನ ಜೊತೆಗೇ ಬಂದದ್ದು) ಎಂದಿದ್ದರೆ ಅದು ಹಳೇ ಬೋರ್ಡಿನ ಜೊತೆಗೇ ಮುಗಿಯಿತು, ಹೊಸ ಲೈಸೆನ್ಸಿನ ದುಡ್ಡನ್ನೂ ಬಜೆಟ್ಟಿಗೆ ಸೇರಿಸಿಕೊಳ್ಳಿ. ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಕೀಗಳನ್ನು ನಂಬಿ ಅಂಗಡಿ ನಡೆಸಬೇಡಿ.

ಟ್ಯಾಲಿ ಲೈಸೆನ್ಸ್ ಮಷೀನಿಗೆ ಕಟ್ಟಿಕೊಂಡಿರುತ್ತದೆ. ಹಳೇ ಬೋರ್ಡಿನಲ್ಲೇ ಸರೆಂಡರ್ ಮಾಡಿ, ಹೊಸದರಲ್ಲಿ ಮತ್ತೆ ಆಕ್ಟಿವೇಟ್ ಮಾಡಿ. ನುಡಿಗೆ ಈ ತಾಪತ್ರಯವಿಲ್ಲ. ಯಾವುದಾದರೂ ಹಳೇ ಫಾಂಟ್ ಪ್ಯಾಕೇಜಿಗೆ ಪ್ರಿಂಟರ್ ಪೋರ್ಟಿನ ಹಾರ್ಡ್‌ವೇರ್ ಲಾಕ್ ಬಳಸುತ್ತಿದ್ದರೆ, ಹೊಸ ಬೋರ್ಡಿನ ಹಿಂಬದಿಯಲ್ಲಿ ಆ ಪೋರ್ಟ್ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಮೊದಲ ಬೂಟ್‌ಗೆ 1 ಟಿಬಿ ಡಿಸ್ಕಿನ ಕೇಬಲ್ ತೆಗೆದಿಡಿ. ‘ಗೆಟಿಂಗ್ ಡಿವೈಸಸ್ ರೆಡಿ’ ಎಂದು ಕಾಣಿಸಿ ಒಂದೆರಡು ಸಲ ತಾನೇ ರೀಸ್ಟಾರ್ಟ್ ಆಗಬಹುದು, ಪವರ್ ಬಟನ್ ಒತ್ತಬೇಡಿ. ಲ್ಯಾನ್ ಡ್ರೈವರನ್ನು ಮೊದಲೇ ಪೆನ್‌ಡ್ರೈವಿಗೆ ಹಾಕಿಕೊಂಡಿರಿ, ನೆಟ್ ಇಲ್ಲದೆ ಮಿಕ್ಕ ಡ್ರೈವರ್‌ಗಳೂ ಬರುವುದಿಲ್ಲ, ಆಕ್ಟಿವೇಷನ್ನೂ ಆಗುವುದಿಲ್ಲ. ಹಳೇ ರ‍್ಯಾಮ್, ಹಳೇ ಕೂಲರ್ ಎರಡೂ ಹೊಸ ಬೋರ್ಡಿಗೆ ಕೂರುವುದಿಲ್ಲ. ಬಿಲ್ಲಿನಲ್ಲಿ 12100ರ ಕೊನೆಗೆ ‘ಎಫ್’ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲವೆಂದು ಅರ್ಥ, ಬೇರೆ ಕಾರ್ಡ್ ಬೇಕು.

ವಿಂಡೋಸ್ 10ಕ್ಕೆ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಹೊಸ ಪ್ರೊಸೆಸರ್ ವಿಂಡೋಸ್ 11ಕ್ಕೆ ಅರ್ಹ. ಆದರೆ ಎರಡೂ ಬದಲಾವಣೆ ಒಂದೇ ದಿನ ಬೇಡ. ವಾರ ಕೆಲಸ ಮಾಡಿ, ಪ್ರಿಂಟರ್‌ಗಳೆಲ್ಲ ಸರಿ ಇವೆ ಎಂದಾದ ಮೇಲೆ ಅಪ್‌ಗ್ರೇಡ್ ಕೊಡಿ.

ಪ್ರಶ್ನೆ: ಕೋಲಾರದಲ್ಲಿ ಓದುತ್ತಿರುವ ಮಗಳ ಲ್ಯಾಪ್‌ಟಾಪಿಗೆ ಸರ್ವಿಸ್‌ನಲ್ಲಿ ಮದರ್‌ಬೋರ್ಡ್ ಬದಲಿಸಿದರು. ಈಗ ನೀಲಿ ಪರದೆಯಲ್ಲಿ 48 ಅಂಕಿಯ ಕೀ ಕೇಳುತ್ತಿದೆ. ನಾವು ಯಾವ ಲಾಕೂ ಹಾಕಿರಲಿಲ್ಲ.

ಉತ್ತರ: ಮೈಕ್ರೋಸಾಫ್ಟ್ ಅಕೌಂಟಿನಿಂದ ಲ್ಯಾಪ್‌ಟಾಪ್ ಶುರು ಮಾಡಿದ್ದರೆ ಬಿಟ್‌ಲಾಕರ್ ಎಂಬ ಡಿಸ್ಕ್ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಡೇಟಾ ಓದಲಾಗದಂತೆ ಮಾಡುವ ಬೀಗ) ತಾನಾಗಿಯೇ ಆನ್ ಆಗಿರಬಹುದು. ಅದನ್ನು ತೆರೆಯುವ ಕೀ ಹಳೇ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿನಲ್ಲಿತ್ತು, ಬೋರ್ಡಿನ ಜೊತೆ ಹೋಯಿತು. ಮೊಬೈಲಿನಿಂದ ಅದೇ ಅಕೌಂಟಿಗೆ ಲಾಗಿನ್ ಆಗಿ, ಡಿವೈಸಸ್ ವಿಭಾಗದಲ್ಲಿ ಬಿಟ್‌ಲಾಕರ್ ಕೀ ಹುಡುಕಿ. ಪರದೆಯಲ್ಲಿರುವ ಕೀ ಐಡಿಯ ಮೊದಲ ಎಂಟು ಅಕ್ಷರ ತಾಳೆಯಾಗಬೇಕು. ಕಾಲೇಜಿನ ಅಕೌಂಟ್ ಆಗಿದ್ದರೆ ಅಲ್ಲಿನ ಐಟಿ ವಿಭಾಗ ಕೇಳಿ. ಒಳಗೆ ಹೋದಮೇಲೆ ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ ಮತ್ತೆ ರೆಸ್ಯೂಮ್ ಕೊಟ್ಟರೆ ಹೊಸ ಟಿಪಿಎಂಗೆ ಹೊಂದಿಕೊಳ್ಳುತ್ತದೆ. ವಿಂಡೋಸ್‌ಗೆ ಲಾಗಿನ್ ಆಗಲು ಹಳೇ ಪಿನ್ ನಡೆಯುವುದಿಲ್ಲ, ಪಾಸ್‌ವರ್ಡ್ ಬೇಕು. ಕೀ ಎಲ್ಲಿಯೂ ಸಿಗದಿದ್ದರೆ ಆ ಡೇಟಾ ಯಾರಿಂದಲೂ ತೆಗೆಯಲಾಗದು. ತೆಗೆದುಕೊಡುತ್ತೇವೆ ಎಂದು ಹಣ ಕೇಳುವವರನ್ನು ನಂಬಬೇಡಿ.

ಪ್ರಶ್ನೆ: ಶಿಡ್ಲಘಟ್ಟದಿಂದ. ಬಿ450 ಬೋರ್ಡಿನಲ್ಲಿ ರೈಜೆನ್ 3 3200ಜಿ ಇದೆ. ಅದೇ ಬೋರ್ಡಿಗೆ ರೈಜೆನ್ 5 5600 ಹಾಕಿದರೆ ವಿಂಡೋಸ್ ತಕರಾರು ಮಾಡುತ್ತದೆಯೆ?

ಉತ್ತರ: ಬೋರ್ಡ್ ಅದೇ ಇರುವುದರಿಂದ ಸಾಮಾನ್ಯವಾಗಿ ಆಕ್ಟಿವೇಷನ್ ಹೋಗುವುದಿಲ್ಲ. ಹಳೇ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ, ಇಲ್ಲವಾದರೆ ಹೊಸದು ಆನ್ ಆಗುವುದೇ ಇಲ್ಲ. ಬಿಟ್‌ಲಾಕರ್ ಇದ್ದರೆ ಅಪ್‌ಡೇಟಿಗೂ ಮುಂಚೆ ಸಸ್ಪೆಂಡ್ ಮಾಡಿ, ಕೀ ಬರೆದಿಟ್ಟುಕೊಳ್ಳಿ. ಮೊದಲ ಸಲ ಆನ್ ಮಾಡಿದಾಗ ಎಫ್‌ಟಿಪಿಎಂ (ಪ್ರೊಸೆಸರ್ ಒಳಗಿನ ಟಿಪಿಎಂ) ರೀಸೆಟ್ ಮಾಡಲೇ ಎಂದು ಕೇಳಬಹುದು. ಕೀ ಕೈಯಲ್ಲಿದ್ದರೆ ಮಾತ್ರ ‘ವೈ’ ಒತ್ತಿ. ಮುಖ್ಯವಾಗಿ, 3200ಜಿ ಒಳಗೆ ಗ್ರಾಫಿಕ್ಸ್ ಇದೆ, 5600ರಲ್ಲಿ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ 5600ಜಿ ತಗೊಳ್ಳಿ.