‘ಅನುದಿನದ ಆಹಾರ’ದ ಹಿಂದಿರುವ ಒಂಟಿ ಪದ

ಪ್ರಶ್ನೆ: ನಾನು ಸಂಡೇ ಸ್ಕೂಲ್ ಶಿಕ್ಷಕಿ. ಕರ್ತನ ಪ್ರಾರ್ಥನೆಯಲ್ಲಿ ‘ನಮ್ಮ ಅನುದಿನದ ಆಹಾರವನ್ನು ಈಹೊತ್ತು ನಮಗೆ ದಯಪಾಲಿಸು’ ಎಂದು ಹೇಳುತ್ತೇವಲ್ಲ, ಅಲ್ಲಿ ‘ಅನುದಿನದ’ ಎಂಬುದು ತಪ್ಪು ಅನುವಾದ, ಗ್ರೀಕ್ ಮೂಲದಲ್ಲಿರುವುದು ‘ಪರಲೋಕದ ಆಹಾರ’ ಎಂದು ನಮ್ಮ ಸಭೆಗೆ ಬಂದಿದ್ದ ಬೋಧಕರೊಬ್ಬರು ಹೇಳಿದರು. ಅದೇ ಪದ ಈಜಿಪ್ಟಿನ ಹಳೆಯ ಮನೆಖರ್ಚಿನ ಚೀಟಿಯೊಂದರಲ್ಲಿಯೂ ಸಿಕ್ಕಿದೆ ಎಂದು ಬೇರೆಡೆ ಓದಿದೆ. ಯಾವುದನ್ನು ನಂಬಲಿ? ಮಕ್ಕಳಿಗೆ ಏನು ಹೇಳಲಿ?

ಉತ್ತರ: ಸದ್ಯಕ್ಕೆ ಎರಡನ್ನೂ ನಂಬಬೇಡಿ. ಚೀಟಿಯ ಕಥೆ ಬೇಗ ಮುಗಿಯುವಂಥದ್ದು, ಅದನ್ನೇ ಮೊದಲು ನೋಡೋಣ.

‘ಅನುದಿನದ’ ಎಂಬಲ್ಲಿ ಗ್ರೀಕ್ ಮೂಲದಲ್ಲಿರುವ ಪದ ‘ಎಪಿಊಸಿಯೊಸ್’. ಹೊಸ ಒಡಂಬಡಿಕೆಯಲ್ಲಿ ಇದು ಬರುವುದು ಮತ್ತಾಯ 6:11 ಮತ್ತು ಲೂಕ 11:3ರಲ್ಲಿ ಮಾತ್ರ, ಅದೂ ಒಂದೇ ಪ್ರಾರ್ಥನೆಯೊಳಗೆ. ಆದಿಸಭೆಯ ಕೈಪಿಡಿಯಾದ ‘ದಿದಖೆ’ಯಲ್ಲಿಯೂ ಇದೆ, ಅಲ್ಲಿರುವುದೂ ಇದೇ ಪ್ರಾರ್ಥನೆ. ಈಜಿಪ್ಟಿನ ಹವಾರಾದಲ್ಲಿ ಫ್ಲಿಂಡರ್ಸ್ ಪೆಟ್ರಿ ಅಗೆಸಿದಾಗ ಸಿಕ್ಕ ಪಪೈರಸ್ ತುಣುಕೊಂದನ್ನು ಎ. ಎಚ್. ಸೇಸ್ ಎಂಬ ವಿದ್ವಾಂಸರು 1889ರಲ್ಲಿ ಪ್ರಕಟಿಸಿದರು. ಅದರಲ್ಲಿ ಅರ್ಧ ಒಬೊಲ್ (ಗ್ರೀಕರ ಚಿಲ್ಲರೆ ನಾಣ್ಯ) ಖರ್ಚಿನ ಎದುರಿಗಿದ್ದ ಅರೆಬರೆ ಪದವನ್ನು ‘ಎಪಿಊಸಿ...’ ಎಂದು ಓದಲಾಯಿತು. ‘ದಿನದ ಪಡಿ’ ಎಂಬ ಅರ್ಥಕ್ಕೆ ಸಾಕ್ಷಿ ಸಿಕ್ಕಿತೆಂದು ನಿಘಂಟುಕಾರರು ಹಿಗ್ಗಿದರು. ಆಮೇಲೆ ಆ ತುಣುಕೇ ಕಾಣೆಯಾಯಿತು. ದಶಕಗಳ ಬಳಿಕ ಅದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪತ್ತೆಯಾಯಿತು. ಮತ್ತೆ ಓದಿ ನೋಡಿದರೆ ಅಲ್ಲಿದ್ದದ್ದು ‘ಎಲಾಯು’, ಅಂದರೆ ಎಣ್ಣೆ! 1999ರಲ್ಲಿ ಈ ಹೊಸ ಓದು ಅಚ್ಚಾಯಿತು. ಹಳೆಯ ವ್ಯಾಖ್ಯಾನಗಳನ್ನು ನೋಡಿ ಬರೆಯುವವರು ಚೀಟಿಯ ಕಥೆಯನ್ನು ಇಂದಿಗೂ ಬಿಟ್ಟಿಲ್ಲ.

ಹಾಗಾಗಿ ನಾವು ಮೂರನೆಯ ಶತಮಾನದ ಒರಿಗೆನ್ ನಿಂತಿದ್ದ ಜಾಗದಲ್ಲೇ ನಿಂತಿದ್ದೇವೆ. ಅಲೆಕ್ಸಾಂಡ್ರಿಯದ ಈ ಪಂಡಿತನಿಗೆ ಗ್ರೀಕ್ ಮನೆಮಾತು. ವಿದ್ವಾಂಸರೂ ಈ ಪದ ಬಳಸುವುದಿಲ್ಲ, ಜನಸಾಮಾನ್ಯರೂ ಬಳಸುವುದಿಲ್ಲ, ಸುವಾರ್ತಿಕರೇ ಇದನ್ನು ಕಟ್ಟಿದಂತಿದೆ ಎಂದು ಅವನು ಪ್ರಾರ್ಥನೆಯ ಕುರಿತ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ನಿಮ್ಮ ಬೋಧಕರ ವಾದದ ಬೇರೂ ಅವನಲ್ಲಿಯೇ ಇದೆ. ಅವನು ‘ಎಪಿ’ ಎಂಬ ಉಪಸರ್ಗಕ್ಕೆ ‘ಊಸಿಯ’ (ಸತ್ತ್ವ, ಇರವು) ಸೇರಿಸಿ, ಇದು ಆತ್ಮದ ಸತ್ತ್ವಕ್ಕೆ ಒದಗುವ ಆಹಾರ ಎಂದ. ಬೈಬಲ್ ಪಂಡಿತ ಜೆರೋಮ್ ಲ್ಯಾಟಿನ್ ಅನುವಾದವನ್ನು ಪರಿಷ್ಕರಿಸುವಾಗ ಮತ್ತಾಯದಲ್ಲಿ ‘ಸತ್ತ್ವಾತೀತ’ ಎಂಬರ್ಥದ ‘ಸೂಪರ್‌ಸಬ್‌ಸ್ಟಾನ್ಷಿಯಾಲೆಮ್’ ಎಂದು ಬರೆದ. ಲೂಕದಲ್ಲಿ ಅದೇ ಪದಕ್ಕೆ ‘ದಿನನಿತ್ಯದ’ ಎಂದು ಹಾಕಿದ. ಒಬ್ಬನೇ ಅನುವಾದಕ, ಒಂದೇ ಪದ, ಎರಡು ಅರ್ಥ. ಲ್ಯಾಟಿನ್ ಆರಾಧನೆಯಲ್ಲಿ ಜನರ ಬಾಯಲ್ಲಿ ಉಳಿದದ್ದು ‘ದಿನನಿತ್ಯದ’ ಎಂಬುದೇ.

ಒರಿಗೆನ್ನನ ವಿಂಗಡಣೆ ನನಗೆ ಒಪ್ಪಿಗೆಯಾಗುವುದಿಲ್ಲ. ಕಾರಣ ವ್ಯಾಕರಣದಲ್ಲಿದೆ. ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’ ಆಗುವ ನಮ್ಮ ಲೋಪಸಂಧಿಯಂತೆ, ಗ್ರೀಕಿನಲ್ಲಿಯೂ ‘ಎಪಿ’ಯ ಮುಂದೆ ಸ್ವರ ಬಂದರೆ ಕೊನೆಯ ಇಕಾರ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ‘ಪರಲೋಕದ’ ಎಂಬುದಕ್ಕೆ ಹೊಸ ಒಡಂಬಡಿಕೆಯಲ್ಲಿರುವ ಪದವನ್ನೇ ನೋಡಿ: ‘ಎಪಿ’ ಮತ್ತು ‘ಊರಾನೊಸ್’ (ಆಕಾಶ) ಸೇರಿ ‘ಎಪೂರಾನಿಯೊಸ್’. ಅದೇ ಲೆಕ್ಕದಲ್ಲಿ ‘ಊಸಿಯ’ ಸೇರಿದರೆ ‘ಎಪೂಸಿಯೊಸ್’ ಆಗಬೇಕಿತ್ತು. ಅಪವಾದಗಳಿಲ್ಲವೆಂದಲ್ಲ, ಆದರೆ ಅಪವಾದದ ಮೇಲೆ ಇಡೀ ಸಿದ್ಧಾಂತ ನಿಲ್ಲಿಸುವುದು ಕಷ್ಟ. ಅಲ್ಲದೆ, ಮತ್ತಾಯನಿಗೆ ‘ಪರಲೋಕದ’ ಎಂದೇ ಹೇಳಬೇಕಿದ್ದರೆ ಪದಗಳಿಗೆ ಬರವಿರಲಿಲ್ಲ. ಅದೇ ಪ್ರಾರ್ಥನೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದೇ ಶುರುವಾಗುತ್ತದೆ.

ಇಕಾರ ಬೀಳದೆ ಉಳಿಯುವ ದಾರಿ ಇನ್ನೊಂದಿದೆ. ಪದ ‘ಬರಲಿರುವ’ ಎಂಬರ್ಥದ ‘ಎಪಿಊಸ’ದಿಂದ ಬಂದಿರಬಹುದು. ‘ದಿನ’ ಎಂಬ ಪದವನ್ನು ಹೇಳದೆಯೂ ಗ್ರೀಕರು ಇದನ್ನು ‘ಮರುದಿನ’ ಎಂಬರ್ಥದಲ್ಲಿ ಬಳಸುತ್ತಿದ್ದರು. ಲೂಕನಿಗಂತೂ ಇದು ಪಳಗಿದ ಪದ: ಅಪೊಸ್ತಲರ ಕೃತ್ಯಗಳಲ್ಲಿ ಐದು ಸಲ ಬರುತ್ತದೆ. ಪೌಲನ ಸಂಗಡಿಗರು ತ್ರೋವದಿಂದ ಹಡಗು ಹತ್ತಿ ಸಮೊಥ್ರಾಕೆಗೆ ಬಂದು, ‘ಮರುದಿನ’ ನೆಯಾಪೊಲಿ ಮುಟ್ಟಿದರು ಎಂಬಲ್ಲಿ (16:11) ಇರುವುದು ಇದೇ. ಇದಕ್ಕೆ ಇನ್ನೊಂದು ಆಧಾರವನ್ನು ಸ್ವತಃ ಜೆರೋಮನೇ ಕೊಡುತ್ತಾನೆ: ಇಬ್ರಿಯರ ಸುವಾರ್ತೆ ಎಂಬ, ಈಗ ಕಳೆದುಹೋಗಿರುವ ಪುಸ್ತಕದಲ್ಲಿ ಈ ಜಾಗದಲ್ಲಿ ‘ಮಹರ್’ ಎಂದಿತ್ತಂತೆ. ಮಹರ್ ಎಂದರೆ ನಾಳೆ.

‘ನಾಳೆಯ ಆಹಾರವನ್ನು ಇಂದು ಕೊಡು’ ಎಂದರೆ ‘ನಾಳೆಯ ವಿಷಯವಾಗಿ ಚಿಂತೆ ಮಾಡಬೇಡಿರಿ’ ಎಂಬ ಮತ್ತಾಯ 6:34ಕ್ಕೆ ವಿರುದ್ಧವಲ್ಲವೇ ಎಂದು ಕೇಳುವವರಿದ್ದಾರೆ. ದಿನಗೂಲಿಯವನ ಮನೆಯಿಂದ ನೋಡಿದರೆ ವಿರೋಧ ಕಾಣುವುದಿಲ್ಲ. ಮತ್ತಾಯ 20ರ ದ್ರಾಕ್ಷಿತೋಟದ ಆಳುಗಳಿಗೆ ಕೂಲಿ ಸಿಗುವುದು ಸಂಜೆ. ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡ 24:15 ವಿಧಿಸುತ್ತದೆ. ಯೆಹೂದ್ಯರ ದಿನ ಶುರುವಾಗುವುದೂ ಸೂರ್ಯಾಸ್ತಕ್ಕೆ. ಆ ಸಂಜೆಯ ಕಾಸಿನಿಂದಲೇ ಮರುದಿನದ ರೊಟ್ಟಿ ಆಗಬೇಕು. ಅದು ಕೈಸೇರಿದವನಿಗೆ ರಾತ್ರಿ ನಿದ್ದೆ ಬರುತ್ತದೆ, ಸೇರದವನೇ ಚಿಂತಿಸುವುದು.

ಹಾಗಾದರೆ ‘ಅನುದಿನದ’ ತಪ್ಪೇ? ಅಲ್ಲ. ಪದಕ್ಕೆ ಪದ ಇಟ್ಟು ತೂಗಿದರೆ ಸ್ವಲ್ಪ ಸಡಿಲ, ಅಷ್ಟೆ. ಬರೀ ‘ದಿನದ’ ಎನ್ನಲು ಗ್ರೀಕಿನಲ್ಲಿ ‘ಎಫೇಮೆರೊಸ್’ ಸಿದ್ಧವಾಗಿತ್ತು, ಯಾಕೋಬ 2:15 ಅದನ್ನು ಆಹಾರಕ್ಕೇ ಬಳಸಿದೆ. ಆದರೆ ಒಂದು ದಿನಕ್ಕೆ ಬೇಕಾದಷ್ಟು ಎಂಬ ಅಳತೆ ಎರಡೂ ಕಡೆ ಒಂದೇ. ಸಿರಿಯಾಕ್ ಪೆಷಿತ್ತ ಅನುವಾದ ‘ನಮಗೆ ಅಗತ್ಯವಿರುವ ರೊಟ್ಟಿ’ ಎನ್ನುತ್ತದೆ. ಕೇರಳದ ಸುರಿಯಾನಿ ಕ್ರೈಸ್ತರ ಆರಾಧನೆಗೆ ಬಂದದ್ದು ಆ ಪಾಠ. ಅವರ ಪ್ರಾರ್ಥನೆಯೂ ತಪ್ಪಲ್ಲ. ಇನ್ನು ಈ ಸಾಲಿನಲ್ಲಿ ಪ್ರಭುಭೋಜನವನ್ನು ಧ್ಯಾನಿಸುವ ಸಂಪ್ರದಾಯ ಬಹಳ ಹಳೆಯದು, ಗೌರವಾರ್ಹವಾದದ್ದು. ಕಥೋಲಿಕ ಧರ್ಮೋಪದೇಶ ಗ್ರಂಥ ಹಲವು ಅರ್ಥಗಳನ್ನು ಒಟ್ಟಿಗೇ ಇಟ್ಟುಕೊಂಡಿದೆ. ಬೋಧಕರು ಆ ಧ್ಯಾನವನ್ನು ಹಂಚಿಕೊಂಡಿದ್ದರೆ ನನ್ನ ತಕರಾರಿರಲಿಲ್ಲ. ಅನುವಾದವೇ ತಪ್ಪೆಂದು ಸಾರಿ, ಹೊಟ್ಟೆಯ ಹಸಿವನ್ನು ಪ್ರಾರ್ಥನೆಯಿಂದ ಹೊರಗೆ ಹಾಕಿದ್ದಕ್ಕೆ ತಕರಾರು.

ಮಕ್ಕಳಿಗೆ ಪ್ರಾರ್ಥನೆಯ ಮಾತು ಬದಲಿಸಬೇಡಿ. ಮೊದಲು ವಿಮೋಚನಕಾಂಡ 16ನ್ನು ಓದಿಸಿ: ಆಯಾ ದಿನಕ್ಕೆ ಬೇಕಾದಷ್ಟೇ ಮನ್ನ, ಬೆಳಗಿನ ತನಕ ಇಟ್ಟುಕೊಂಡದ್ದಕ್ಕೆ ಹುಳು. ಹುಳುವಿನ ಭಾಗ ಅವರಿಗೆ ಖಂಡಿತ ನೆನಪಿರುತ್ತದೆ. ಆಮೇಲೆ ಈ ಸಾಲಿಗೆ ಬನ್ನಿ. ಎಪಿಊಸಿಯೊಸ್ ಹೈಸ್ಕೂಲು ಮುಟ್ಟುವವರೆಗೂ ಕಾಯಬಹುದು.