ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಅಳೆಯಲು ಅಯಾನ್ ಕ್ರೊಮ್ಯಾಟೋಗ್ರಫಿ: ಯಂತ್ರ, ಸ್ಯಾಂಪಲ್ ಎರಡನ್ನೂ ಹೇಗೆ ಸಿದ್ಧ ಮಾಡಬೇಕು?

ಅಯಾನ್ ಕ್ರೊಮ್ಯಾಟೋಗ್ರಫಿ ಅಂದರೆ ನೀರಲ್ಲಿ ಕರಗಿದ ಅಯಾನ್‌ಗಳನ್ನು ಬೇರೆ ಬೇರೆ ಮಾಡಿ ಅಳೆಯುವ ವಿಧಾನ. ಎಲುಯೆಂಟ್‌ಗೂ (ಸ್ಯಾಂಪಲನ್ನು ಯಂತ್ರದೊಳಗೆ ಹೊತ್ತೊಯ್ಯುವ ದ್ರಾವಣ) ಬ್ಲ್ಯಾಂಕ್‌ಗೂ (ಹೋಲಿಕೆಗೆ ಓಡಿಸುವ ಬರೀ ನೀರು) 18.2 ಮೆಗಾಓಮ್‌ನ ಅತಿ ಶುದ್ಧ ನೀರನ್ನೇ ಬಳಸಿ. ಕಾರ್ಬೊನೇಟ್-ಬೈಕಾರ್ಬೊನೇಟ್ ಎಲುಯೆಂಟ್‌ನಲ್ಲಿ ಕರಗಿದ ಗಾಳಿ ತೆಗೆದು ಪಂಪ್ ಓಡಿಸಿ. ಬೇಸ್‌ಲೈನ್, ಅಂದರೆ ಸ್ಯಾಂಪಲ್ ಇಲ್ಲದಾಗ ಯಂತ್ರ ಬರೆಯುವ ಗೆರೆ, ನೆಟ್ಟಗಾಗುವವರೆಗೆ ಸ್ಯಾಂಪಲ್ ಇಂಜೆಕ್ಟ್ ಮಾಡಲೇಬೇಡಿ.

ಜಾಸ್ತಿ ಜನ ಎಡವುವುದು ಸ್ಯಾಂಪಲ್‌ನಲ್ಲಿ. ಫ್ಲೋರೈಡ್‌ಗೆ ಗಾಜು ಬೇಡ, ಪ್ಲಾಸ್ಟಿಕ್ ಬಾಟಲಿ ಇರಲಿ. ಆಸಿಡ್ ಹಾಕಬೇಡಿ. 0.45 ಮೈಕ್ರಾನ್ ಸಿರಿಂಜ್ ಫಿಲ್ಟರ್‌ನಲ್ಲಿ ಸೋಸಿ. ಹೊಸ ಫಿಲ್ಟರೇ ಒಂಚೂರು ಕ್ಲೋರೈಡ್ (ಇದೇ ಯಂತ್ರದಲ್ಲಿ ಕಾಣುವ ಇನ್ನೊಂದು ಅಯಾನ್) ಬಿಡಬಹುದು, ಹಾಗಾಗಿ ಮೊದಲು ಬಂದ ಒಂದೆರಡು ಎಂಎಲ್ ಚೆಲ್ಲಿ. ಕೈಬೆವರಲ್ಲೂ ಕ್ಲೋರೈಡ್ ಇರುತ್ತದೆ ಅಲ್ವಾ, ಗ್ಲೌಸ್ ಹಾಕಿಕೊಳ್ಳಿ.

ಫ್ಲೋರೈಡ್ ಪೀಕ್ (ಗೆರೆಯಲ್ಲಿ ಫ್ಲೋರೈಡ್ ತೋರಿಸುವ ಉಬ್ಬು) ವಾಟರ್ ಡಿಪ್‌ಗೆ, ಅಂದರೆ ಸ್ಯಾಂಪಲ್‌ನ ನೀರಿನಿಂದಲೇ ಗೆರೆಯಲ್ಲಿ ಬೀಳುವ ತಗ್ಗಿಗೆ, ಅಂಟಿಕೊಂಡೇ ಬರುತ್ತದೆ. ಸ್ಯಾಂಪಲ್‌ಗೂ ಸ್ಟ್ಯಾಂಡರ್ಡ್‌ಗೂ (ಫ್ಲೋರೈಡ್ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ದ್ರಾವಣ) ಒಂದೇ ಪ್ರಮಾಣದಲ್ಲಿ ಸಾಂದ್ರ ಎಲುಯೆಂಟ್ ಸೇರಿಸಿದರೆ ಆ ತೊಂದರೆ ಕಡಿಮೆ. ಕುಡಿಯುವ ನೀರಿನ ಫ್ಲೋರೈಡ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ ಲೀಟರಿಗೆ 1 ಮಿ.ಗ್ರಾಂ, ಬೇರೆ ನೀರು ಸಿಗದ ಕಡೆ 1.5. ಕೋಲಾರ, ಪಾವಗಡದ ನೀರಿಗೆ ಈ ಅರ್ಧ ಮಿ.ಗ್ರಾಂ ದೊಡ್ಡ ವ್ಯತ್ಯಾಸ. ಪೀಕ್ ಸರಿಯಾಗಿ ಬಿಡಿಸಿಕೊಳ್ಳದೆ ಸುಮ್ನೆ ರಿಪೋರ್ಟ್ ಕೊಡಬೇಡಿ.